ಜಾರುವ ಎಣ್ಣೆ ಅಂಟುವುದೇಕೆ?

ಎಣ್ಣೆ ಡಬ್ಬಿಯನ್ನು ಕೈಗೆತ್ತಿಕೊಂಡವರಿಗೆಲ್ಲ ಗೊತ್ತಿರುವ ಸಂಗತಿ ಇದು. ಒಳಗಿನ ಎಣ್ಣೆ ಜಾರುತ್ತದೆ, ಹೊರಗಿನ ಎಣ್ಣೆ ಅಂಟುತ್ತದೆ. ಎರಡೂ ಒಂದೇ ಎಣ್ಣೆ. ಸುರಿಯುವಾಗ ಅಂಚಿನಿಂದ ಇಳಿದ ಹನಿ ಕೆಲವು ವಾರ ಡಬ್ಬಿಯ ಮೈಮೇಲೆ ಕೂತಿತ್ತು, ಅಷ್ಟೇ. ಅಷ್ಟರಲ್ಲಿ ಅದರ ಗುಣವೇ ತಿರುಗಿಬಿಟ್ಟಿದೆ. ಎಕ್ಸಾಸ್ಟ್ ಫ್ಯಾನಿನ ರೆಕ್ಕೆ, ಚಿಮಣಿಯ ಜಾಲರಿ, ಒಲೆಯ ಹಿಂದಿನ ಟೈಲ್ಸ್, ಅಟ್ಟದ ಮೇಲೆ ಮರೆತ ಪಾತ್ರೆ, ಎಲ್ಲದರ ಮೇಲೂ ಅದೇ ಕಂದು ಜಿಗುಟು. ಬಾಣಲೆಯ ತಳದಲ್ಲಾದರೆ ಅದು ಜಿಗುಟಿನ ಹಂತವನ್ನೂ ದಾಟಿ, ವಾರ್ನಿಶ್ ಬಳಿದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಪಾತ್ರೆ ಸೋಪಿಗೆ ಅದು ಜಗ್ಗುವುದಿಲ್ಲ.

ಈ ಪದಾರ್ಥ ಹುಲುಸಾಗಿ ಬೆಳೆಯುವ ಹೊಸ ಜಾಗವೊಂದು ಈಗ ನಮ್ಮ ಮನೆಗಳಿಗೆ ಬಂದಿದೆ. ಮಾಡ್ಯುಲರ್ ಕಿಚನ್ ಮಾಡಿಸಿದವರು ಕಪಾಟಿನ ಸಾಲಿನಲ್ಲಿ ಒಂದು ಬಿಲ್ಟ್-ಇನ್ ಓವನ್ ಕೂರಿಸುತ್ತಾರೆ. ಮೊದಲ ಕೆಲವು ಕೇಕು, ಒಂದೆರಡು ಪಿಜ್ಜಾ, ಒಂದು ತಂದೂರಿ ಚಿಕನ್ ಆಗುವ ಹೊತ್ತಿಗೆ ಒಳಗೋಡೆಯ ಮೇಲೆ ಚಹಾ ಬಣ್ಣದ ಚುಕ್ಕೆಗಳು ಮೂಡುತ್ತವೆ. ವರ್ಷ ಕಳೆಯುವುದರಲ್ಲಿ ಗಾಜಿನ ಬಾಗಿಲಿನಿಂದ ಒಳಗೆ ಏನೂ ಕಾಣದಂತಾಗುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಲಿಕ್ವಿಡ್ ಹಾಕಿ ಉಜ್ಜಬೇಕು? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಅಲ್ಲಿ ಅಂಟಿಕೊಂಡಿರುವುದು ನಿಜಕ್ಕೂ ಏನು? ಅದಕ್ಕೆ ಉತ್ತರ ಸಿಕ್ಕರೆ ಓವನ್ನಿನ ಆರೈಕೆಯ ಬಹುಪಾಲು ನಿಯಮಗಳು ತಾವಾಗಿಯೇ ಹೊರಬರುತ್ತವೆ.

ಮೂರು ಬಾಲದ ಅಣು

ಅಡುಗೆ ಎಣ್ಣೆಯ ಒಂದೊಂದು ಅಣುವಿಗೂ ಒಂದು ಪುಟ್ಟ ತಲೆ, ಮೂರು ಉದ್ದ ಬಾಲಗಳು. ತಲೆ ಗ್ಲಿಸರಿನ್‌ನದು, ಬಾಲಗಳು ಕೊಬ್ಬಿನ ಆಮ್ಲಗಳವು. ಬಾಲವೆಂದರೆ ಇಂಗಾಲದ ಪರಮಾಣುಗಳು ಸಾಲಾಗಿ ಕೈ ಹಿಡಿದು ನಿಂತ ಸರಪಳಿ. ಕೆಲವು ಬಾಲಗಳಲ್ಲಿ ಅಕ್ಕಪಕ್ಕದ ಎರಡು ಇಂಗಾಲಗಳು ಒಂದರ ಬದಲು ಎರಡು ಕೈ ಹಿಡಿದಿರುತ್ತವೆ. ಇದು ಜೋಡಿಬಂಧ. ಹೆಸರು ಕೇಳಿದರೆ ಬಲವಾದ ಜಾಗ ಅನ್ನಿಸಬೇಕು. ಆದರೆ ಆಮ್ಲಜನಕ ನುಗ್ಗುವುದು ಇಲ್ಲಿಯೇ. ಜೋಡಿಬಂಧದ ಪಕ್ಕದಲ್ಲಿರುವ ಜಲಜನಕವನ್ನು ಸುಲಭವಾಗಿ ಕಿತ್ತುಹಾಕಬಹುದು. ಅದು ಹೋದ ಕಡೆ ಆಮ್ಲಜನಕ ಬಂದು ಕೂರುತ್ತದೆ, ಬಾಲದ ಮೇಲೆ ಒಂದು ತೆರೆದ ಕೊಕ್ಕೆ ಉಳಿಯುತ್ತದೆ. ತೆರೆದ ಕೊಕ್ಕೆ ಸುಮ್ಮನಿರುವುದಿಲ್ಲ. ಪಕ್ಕದ ಅಣುವಿನ ಬಾಲವನ್ನು ಹಿಡಿದುಕೊಳ್ಳುತ್ತದೆ, ಅಲ್ಲಿ ಇನ್ನೊಂದು ಕೊಕ್ಕೆ ತೆರೆಯುತ್ತದೆ.

ಬಿಡಿ ಬಿಡಿ ನೂಲೆಳೆಗಳನ್ನು ರಾಶಿ ಹಾಕಿದರೆ ಒಂದೆಳೆಯನ್ನು ಎಳೆದಾಗ ಅದೊಂದೇ ಸಲೀಸಾಗಿ ಜಾರಿ ಬರುತ್ತದೆ. ಅವೇ ಎಳೆಗಳಿಗೆ ಅಲ್ಲಲ್ಲಿ ಗಂಟು ಹಾಕಿ ಮೀನುಬಲೆ ಮಾಡಿದರೆ ಒಂದನ್ನು ಎಳೆದಾಗ ಇಡೀ ಬಲೆ ಬರುತ್ತದೆ. ಹೊಸ ಎಣ್ಣೆ ಬಿಡಿ ನೂಲು. ಡಬ್ಬಿಯ ಮೇಲಿನ ಜಿಗುಟು ಅರ್ಧ ಹೆಣೆದ ಬಲೆ. ಬಾಣಲೆಯ ತಳದ ಕಂದು ಪದರ ಎಲ್ಲ ಗಂಟೂ ಬಿದ್ದು ಮುಗಿದ ಬಲೆ. ಹೀಗೆ ಬಿಡಿ ಅಣುಗಳು ಸೇರಿ ಮಹಾ ಅಣುವಾಗುವುದನ್ನು ರಸಾಯನ ವಿಜ್ಞಾನದಲ್ಲಿ ಪಾಲಿಮರೀಕರಣ ಎನ್ನುತ್ತಾರೆ. ಈ ಬರಹದ ಮಟ್ಟಿಗೆ ನಾವು ಅದನ್ನು ‘ಬಲೆಗಟ್ಟುವುದು’ ಎಂದು ಕರೆಯೋಣ.

ಸೋಪು ಏಕೆ ಸೋಲುತ್ತದೆ ಎಂಬುದೂ ಈಗ ಸ್ಪಷ್ಟ. ಸೋಪಿನ ಅಣುಗಳು ಎಣ್ಣೆಯ ಸಣ್ಣ ಹನಿಯನ್ನು ಸುತ್ತುವರಿದು ನೀರಿನೊಳಗೆ ಹೊತ್ತೊಯ್ಯುತ್ತವೆ. ಅದಕ್ಕೆ ಎಣ್ಣೆ ಬಿಡಿಬಿಡಿಯಾಗಿ ಕೈಗೆ ಸಿಗಬೇಕು. ಬಲೆಯಾಗಿ ಹೋದದ್ದನ್ನು ಹೊರುವ ಶಕ್ತಿ ಸೋಪಿಗಿಲ್ಲ.

ಬಲೆಗಟ್ಟಲು ಬೇಕಾದದ್ದು ಮೂರು: ಜೋಡಿಬಂಧವಿರುವ ಎಣ್ಣೆ, ಗಾಳಿ, ಸಮಯ. ಕಾವು ಹೆಚ್ಚಿದಷ್ಟೂ ಸಮಯ ಕಡಿಮೆ ಸಾಕು. ಡಬ್ಬಿಯ ಮೇಲೆ ವಾರಗಟ್ಟಲೆ ನಡೆಯುವ ಕೆಲಸ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಬೇಕಿಂಗ್ ಮುಗಿಯುವುದರೊಳಗೆ ಬಹುದೂರ ಸಾಗಿಬಿಡುತ್ತದೆ. ಓವನ್ನಿನೊಳಗೆ ಚಿಮ್ಮಿದ ಹನಿ ತೆಳುವಾಗಿ ಹರಡಿ ಕೂರುವುದರಿಂದ ಗಾಳಿಗೂ ಪೂರ್ತಿ ತೆರೆದಿರುತ್ತದೆ. ಇದಕ್ಕಿಂತ ಒಳ್ಳೆಯ ವಾರ್ನಿಶ್ ಕಾರ್ಖಾನೆಯನ್ನು ಬೇಕೆಂದೇ ಕಟ್ಟಿದರೂ ಕಷ್ಟ.

ಕಾವಲಿಗೆ ಬೇಕು, ಓವನ್ನಿಗೆ ಬೇಡ

ವಾರ್ನಿಶ್ ಎಂದದ್ದು ಅಲಂಕಾರಕ್ಕಲ್ಲ. ಕ್ರಿಕೆಟ್ ಬ್ಯಾಟಿಗೆ ಹಚ್ಚುವ ಲಿನ್‌ಸೀಡ್ ಎಣ್ಣೆ ನಮ್ಮ ಉತ್ತರ ಕರ್ನಾಟಕದ ಅಗಸೆ ಬೀಜದ ಎಣ್ಣೆಯೇ. ಅದು ಮರದ ಮೇಲೆ ‘ಒಣಗುತ್ತದೆ’ ಎನ್ನುತ್ತೇವೆ. ಒಣಗಲು ಅದರಲ್ಲಿ ನೀರೇ ಇಲ್ಲ. ಅಲ್ಲಿ ನಡೆಯುವುದು ಬಲೆಗಟ್ಟುವಿಕೆ. ಯೂರೋಪಿನ ತೈಲಚಿತ್ರಗಳು ಶತಮಾನಗಳ ಕಾಲ ಕ್ಯಾನ್ವಾಸಿನ ಮೇಲೆ ಹಿಡಿದು ನಿಂತಿರುವುದೂ ಇದರಿಂದಲೇ.

ದೋಸೆ ಕಾವಲಿಯನ್ನು ಪಳಗಿಸುವಾಗ ನಾವು ಬೇಕೆಂದೇ ಮಾಡುವುದೂ ಇದನ್ನೇ. ಹೊಸ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ ಕಾಯಿಸುತ್ತೇವೆ, ಆರಿಸುತ್ತೇವೆ, ಮತ್ತೆ ಸವರುತ್ತೇವೆ. ಪದರದ ಮೇಲೆ ಪದರವಾಗಿ ಬಲೆ ಕಟ್ಟಿ ಕೊನೆಗೆ ಕಪ್ಪಗೆ ಮಿರುಗುತ್ತದೆ, ದೋಸೆ ಗರಿಗರಿಯಾಗಿ ಎದ್ದು ಬರುತ್ತದೆ. ಯಾರಾದರೂ ಅತಿ ಉತ್ಸಾಹದಿಂದ ಅದನ್ನು ಬೂದಿ ಹಾಕಿ ತಿಕ್ಕಿಬಿಟ್ಟರೆ ಅಜ್ಜಿಗೆ ಬರುತ್ತಿದ್ದ ಸಿಟ್ಟು ನ್ಯಾಯವಾದದ್ದೇ.

ಎಲ್ಲ ಎಣ್ಣೆಯೂ ಒಂದೇ ಚುರುಕಿನಲ್ಲಿ ಬಲೆಗಟ್ಟುವುದಿಲ್ಲ. ಎಣ್ಣೆಯಲ್ಲಿ ಎಷ್ಟು ಜೋಡಿಬಂಧಗಳಿವೆ ಎಂದು ಅಳೆಯಲು ಅದು ಎಷ್ಟು ಅಯೋಡಿನ್ ಹೀರುತ್ತದೆ ಎಂದು ನೋಡುತ್ತಾರೆ. ಅಗಸೆ ಎಣ್ಣೆಗೆ ಈ ಅಂಕಿ 180ರ ಆಸುಪಾಸು. ಸೂರ್ಯಕಾಂತಿಗೆ 130ರ ಹತ್ತಿರ, ಕಡಲೆಕಾಯಿ ಎಣ್ಣೆಗೆ 90ರ ಹತ್ತಿರ. ಕೊಬ್ಬರಿ ಎಣ್ಣೆಗೆ 10ಕ್ಕಿಂತಲೂ ಕಡಿಮೆ! ಕರಾವಳಿಯ ಕೊಬ್ಬರಿ ಎಣ್ಣೆಯ ಬಾಣಲೆಗೂ ಬೆಂಗಳೂರಿನ ಸೂರ್ಯಕಾಂತಿ ಎಣ್ಣೆಯ ಬಾಣಲೆಗೂ ತಿಕ್ಕುವ ಶ್ರಮದಲ್ಲಿ ವ್ಯತ್ಯಾಸವಿದ್ದರೆ ಅದರ ಗುಟ್ಟು ಇಲ್ಲಿದೆ. ಬೇಕಿಂಗ್ ಟ್ರೇಗೆ ಸವರಲು ಸೂರ್ಯಕಾಂತಿಗಿಂತ ತುಪ್ಪವೋ ಕೊಬ್ಬರಿ ಎಣ್ಣೆಯೋ ವಾಸಿ ಎಂಬುದು ನನ್ನ ಪಕ್ಷ. ರುಚಿ ಬೇರೆ ಮಾತು.

ಒಳಗೋಡೆ ಗಾಜಿನದು

ಹಳೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ನೀಲಿ ಅಂಚಿನ ಬಿಳಿ ಬೇಸಿನ್ನು, ಟ್ರೇಗಳನ್ನು ನೋಡಿದವರಿರಬಹುದು. ಅಂಚಿನಲ್ಲಿ ಎಲ್ಲಾದರೂ ಚಕ್ಕೆ ಎದ್ದು ಹೋಗಿ ಒಳಗಿನ ಕಬ್ಬಿಣ ಕಪ್ಪಗೆ ಕಾಣುತ್ತಿರುತ್ತದೆ. ಓವನ್ನಿನ ಒಳಮೈಯೂ ಬಹುಮಟ್ಟಿಗೆ ಅದೇ ಜಾತಿಯದು. ಉಕ್ಕಿನ ತಗಡಿನ ಮೇಲೆ ಗಾಜಿನ ಪುಡಿ ಹರಡಿ, ಸುಮಾರು 800 ಡಿಗ್ರಿಯಲ್ಲಿ ಕರಗಿಸಿ ಅಂಟಿಸಿದ ಎನಾಮೆಲ್. ಗಾಜಾದ್ದರಿಂದ ತುಕ್ಕು ಹಿಡಿಯುವುದಿಲ್ಲ, ವಾಸನೆ ಹೀರುವುದಿಲ್ಲ. ಗಾಜಾದ್ದರಿಂದಲೇ ಗೀರು ಬೀಳುತ್ತದೆ, ಬಿರುಕು ಬಿಡುತ್ತದೆ.

ಸ್ಟೀಲ್ ಸ್ಕ್ರಬ್ಬರ್ ಹಾಕಿ ತಿಕ್ಕಿದರೆ ಕಲೆ ಹೋಗಬಹುದು, ಜೊತೆಗೆ ಎನಾಮೆಲ್‌ನ ನುಣುಪೂ ಹೋಗುತ್ತದೆ. ಗೀರಿನೊಳಗೆ ಇಳಿದ ಎಣ್ಣೆ ಮುಂದಿನ ಸಲ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಕಾದ ಒಳಮೈಗೆ ತಣ್ಣೀರು ಎರಚಿದರೆ ಗಾಜಿನ ಪದರ ಒಂದು ವೇಗದಲ್ಲಿ, ಅದರ ಕೆಳಗಿನ ಉಕ್ಕು ಇನ್ನೊಂದು ವೇಗದಲ್ಲಿ ಕುಗ್ಗುತ್ತವೆ. ಚಕ್ಕೆ ಏಳುವುದು ಆಗಲೇ. ಅನಾನಸ್, ಟೊಮ್ಯಾಟೊ, ನಿಂಬೆಯಂಥ ಹುಳಿ ರಸ ಚೆಲ್ಲಿ ಅಲ್ಲೇ ಬೆಂದರೆ ಎನಾಮೆಲ್‌ನ ಹೊಳಪು ಮಾಸಿ ಶಾಶ್ವತ ಕಲೆಯಾಗಬಹುದು.

ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸುವ ‘ಟಿಪ್’ ಒಂದು ಎಲ್ಲೆಡೆ ಓಡಾಡುತ್ತಿದೆ. ದಯವಿಟ್ಟು ಹಾಸಬೇಡಿ. ಬಿಲ್ಟ್-ಇನ್ ಓವನ್‌ಗಳಲ್ಲಿ ಕೆಳಗಿನ ಕಾಯಿಲ್ ಸಾಮಾನ್ಯವಾಗಿ ತಳದ ತಗಡಿನ ಅಡಿಯಲ್ಲಿ ಅಡಗಿರುತ್ತದೆ. ಫಾಯಿಲ್ ಮುಚ್ಚಿದರೆ ಮೇಲೆ ಬರಬೇಕಾದ ಶಾಖ ಅಲ್ಲೇ ಉಳಿದು ಎನಾಮೆಲ್ ಬಿರಿಯುತ್ತದೆ. ಫಾಯಿಲ್ ತಳಕ್ಕೆ ಅಂಟಿಕೊಂಡರಂತೂ ಬಿಡಿಸುವ ದಾರಿಯೇ ಇಲ್ಲ. ಚೆಲ್ಲುವ ಭಯವಿದ್ದರೆ ಕೆಳಗಿನ ರ‍್ಯಾಕಿನಲ್ಲಿ ಒಂದು ಖಾಲಿ ಟ್ರೇ ಇಡಿ, ಸಾಕು.

ಕೀಲು ಕಡಿಯುವ ಕ್ಷಾರ

ಬಲೆಗಟ್ಟಿದ ಎಣ್ಣೆಯನ್ನು ಬಿಡಿಸಲು ಹಳೆಯ ದಾರಿಯೊಂದು ನಮ್ಮ ಹಿತ್ತಿಲಿನಲ್ಲೇ ಇತ್ತು: ಒಲೆಯ ಬೂದಿ ಮತ್ತು ತೆಂಗಿನ ನಾರು. ಸೌದೆಯ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಇರುತ್ತದೆ, ನೀರು ಸೋಕಿದರೆ ಅದು ಕ್ಷಾರ. ಅಣುವಿನ ತಲೆಗೆ ಮೂರು ಬಾಲಗಳು ಸೇರುವ ಕೀಲುಗಳಿವೆಯಲ್ಲ, ಕ್ಷಾರ ಕತ್ತರಿಸುವುದು ಅವನ್ನು. ಬಾಲ ಬಾಲಗಳ ನಡುವೆ ಬಿದ್ದ ಹೊಸ ಗಂಟುಗಳನ್ನು ಅದು ಮುಟ್ಟುವುದಿಲ್ಲ. ಆದರೆ ತಲೆಯ ಕೀಲುಗಳೆಲ್ಲ ಕತ್ತರಿಸಿಹೋದ ಮೇಲೆ ಬಲೆ ಹರಿದು ತುಂಡುತುಂಡಾಗುತ್ತದೆ. ಆ ತುಂಡುಗಳು ನೀರಿಗೆ ಒಗ್ಗುವ ಸೋಪಿನಂಥವು. ಕಾರ್ಖಾನೆಯಲ್ಲಿ ಎಣ್ಣೆಯಿಂದ ಸೋಪು ಮಾಡುವುದು ಇದೇ ಕ್ರಿಯೆಯಿಂದ.

ಅಂಗಡಿಯಲ್ಲಿ ಸಿಗುವ ಕ್ಷಾರಗಳಲ್ಲಿ ಮೆಲುವಾದದ್ದು ಅಡುಗೆ ಸೋಡಾ, ನಡುವಿನದು ಬಟ್ಟೆ ಒಗೆಯುವ ವಾಷಿಂಗ್ ಸೋಡಾ, ಉಗ್ರವಾದದ್ದು ಕಾಸ್ಟಿಕ್ ಸೋಡಾ. ‘ಓವನ್ ಕ್ಲೀನರ್’ ಎಂದು ಬರುವ ಹಲವು ಸ್ಪ್ರೇಗಳ ಜೀವಾಳ ಈ ಕಾಸ್ಟಿಕ್ಕೇ. ಅದು ನಿಮ್ಮ ಚರ್ಮದ ಕೊಬ್ಬನ್ನೂ ಓವನ್ನಿನ ಕೊಬ್ಬನ್ನೂ ಬೇರೆ ಬೇರೆಯಾಗಿ ನೋಡುವುದಿಲ್ಲ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಕಿಟಕಿ, ತಣ್ಣಗಾದ ಓವನ್ ಇಲ್ಲದೆ ಆ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಅಲ್ಯೂಮಿನಿಯಂ ಟ್ರೇಗೆ ಅದು ತಗುಲಿದರೆ ಲೋಹವನ್ನೇ ತಿನ್ನುತ್ತದೆ, ಜಲಜನಕ ಅನಿಲ ಹೊರಬರುತ್ತದೆ. ಕಾಯಿಲ್, ಬಾಗಿಲಿನ ಸುತ್ತಲಿನ ಗ್ಯಾಸ್ಕೆಟ್, ಫ್ಯಾನಿನ ತೂತುಗಳು ಇವಕ್ಕೂ ಸೋಕಬಾರದು.

ಮನೆಯ ಮಟ್ಟಿಗೆ ನನಗೆ ಅಡುಗೆ ಸೋಡಾವೇ ಸಾಕೆನ್ನಿಸುತ್ತದೆ. ನೀರು ಬೆರೆಸಿ ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಮಾಡಿ, ತಣ್ಣಗಿನ ಒಳಮೈಗೆ ಬಳಿದು ರಾತ್ರಿಯಿಡೀ ಬಿಡಬೇಕು. ಮೆಲುವಾದ ಕ್ಷಾರಕ್ಕೆ ಬಲದ ಬದಲು ಸಮಯ ಕೊಡುವ ಲೆಕ್ಕ ಇದು. ಬೆಳಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಿಳಿ ಪುಡಿ ಉಳಿಯದಂತೆ ಮತ್ತೆ ಮತ್ತೆ ಒರೆಸಿ.

ಇಲ್ಲಿ ಒಂದು ಜನಪ್ರಿಯ ತಪ್ಪು. ಸೋಡಾದ ಮೇಲೆ ವಿನಿಗರ್ ಸುರಿದು ಬುಸ್ಸೆಂದು ನೊರೆ ಬರುವುದನ್ನು ನೋಡಿ ಸಂತೋಷಪಡುವವರು ಬಹಳ. ನೋಡಲು ಚೆಂದ. ಆದರೆ ಆಮ್ಲವೂ ಕ್ಷಾರವೂ ಸೇರಿ ಒಂದನ್ನೊಂದು ಮುಗಿಸಿಕೊಂಡ ಮೇಲೆ ಉಳಿಯುವುದು ಇಂಗಾಲದ ಡೈಆಕ್ಸೈಡ್ ಗುಳ್ಳೆ ಮತ್ತು ಲವಣ ಕರಗಿದ ನೀರು. ಜಿಡ್ಡಿನ ಬಲೆಯ ಮೇಲೆ ಅದಕ್ಕೆ ಹಿಡಿತವಿಲ್ಲ. ನಮ್ಮ ಹಿರಿಯರು ಹುಣಸೆಹಣ್ಣನ್ನು ತಾಮ್ರ ಹಿತ್ತಾಳೆಗೆ, ಬೂದಿಯನ್ನು ಜಿಡ್ಡಿಗೆ ಎಂದು ಬೇರೆ ಇಟ್ಟಿದ್ದರಲ್ಲ, ಆ ವಿಂಗಡಣೆ ರಸಾಯನ ವಿಜ್ಞಾನಕ್ಕೆ ಸರಿಯಾಗಿ ಹೊಂದುತ್ತದೆ. ಲೋಹದ ಕಿಲುಬಿಗೆ ಹುಳಿ, ಎಣ್ಣೆಗೆ ಕ್ಷಾರ.

ಕಂದು ಪದರ ಇನ್ನೂ ಸುಟ್ಟು ಪೂರ್ತಿ ಕರಕಲಾಗಿದ್ದರೆ ಕ್ಷಾರಕ್ಕೂ ಕೆಲಸವಿಲ್ಲ. ಕತ್ತರಿಸಲು ಕೀಲುಗಳೇ ಉಳಿದಿರುವುದಿಲ್ಲ, ಇರುವುದು ಬರಿಯ ಇದ್ದಿಲು. ಇದ್ದಿಲನ್ನು ಕೆರೆಯಬೇಕು, ಇಲ್ಲವೇ ಸುಡಬೇಕು.

ತನ್ನನ್ನು ತಾನೇ ಸುಟ್ಟುಕೊಳ್ಳುವ ಓವನ್

ಸುಡುವ ಉಪಾಯ ಹೊಳೆದದ್ದು ಅಮೆರಿಕದಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಬೋಡನ್ ಹುರ್ಕೊ ರೂಪಿಸಿದ, ತಾನೇ ಸ್ವಚ್ಛವಾಗುವ ಓವನ್ 1963ರಲ್ಲಿ ಮಾರುಕಟ್ಟೆಗೆ ಬಂತು. ಅದರ ತತ್ವ ಸರಳ. ಅಡುಗೆಗೆ 250 ಡಿಗ್ರಿ ಸಾಕು; ಒಳಗನ್ನು 480ರಿಂದ 500 ಡಿಗ್ರಿಯವರೆಗೆ ಕಾಯಿಸಿ ಹಾಗೆಯೇ ಒಂದೆರಡು ಗಂಟೆ ಹಿಡಿದರೆ ಬಲೆಯ ಗಂಟುಗಳಷ್ಟೇ ಅಲ್ಲ, ನೂಲೇ ಉಳಿಯುವುದಿಲ್ಲ. ಇಂಗಾಲವೆಲ್ಲ ಅನಿಲವಾಗಿ ಹೋಗಿ ತಳದಲ್ಲಿ ಚಿಟಿಕೆ ಬೂದಿ ಉಳಿಯುತ್ತದೆ. ಇದಕ್ಕೆ ಪೈರೊಲಿಟಿಕ್ ಎಂಬ ಹೆಸರು. ಇಂದಿನ ದುಬಾರಿ ಬಿಲ್ಟ್-ಇನ್ ಮಾದರಿಗಳಲ್ಲಿ ಈ ಸೌಲಭ್ಯ ಇರುತ್ತದೆ.

ಅಷ್ಟು ಕಾವಿನಲ್ಲಿ ಬಾಗಿಲು ತೆರೆದರೆ ಏನಾಗಬಹುದು ಎಂದು ಊಹಿಸಬಹುದು. ಅದಕ್ಕೇ ಬಾಗಿಲು ತಾನೇ ಬೀಗ ಹಾಕಿಕೊಳ್ಳುತ್ತದೆ, ಒಳಗು ಸಾಕಷ್ಟು ತಣಿಯುವವರೆಗೆ ಬಿಡುವುದಿಲ್ಲ. ಬಲವಂತ ಮಾಡಬೇಡಿ. ಶುರು ಮಾಡುವ ಮೊದಲು ದಪ್ಪ ಜಿಡ್ಡನ್ನೂ ಆಹಾರದ ಚೂರುಗಳನ್ನೂ ಕೈಯಿಂದಲೇ ತೆಗೆಯಬೇಕು. ಇಲ್ಲದಿದ್ದರೆ ಹೊಗೆ ಅತಿಯಾಗುತ್ತದೆ, ಒಳಗೆ ಬೆಂಕಿಯೂ ಹೊತ್ತಬಹುದು. ರ‍್ಯಾಕು, ಟ್ರೇಗಳನ್ನು ಹೊರಗಿಡಿ, ಕೈಪಿಡಿ ಬೇರೆ ಹೇಳದಿದ್ದರೆ. ಕ್ರೋಮ್ ಲೇಪದ ರ‍್ಯಾಕು ಆ ಕಾವಿಗೆ ಬಣ್ಣಗೆಡುತ್ತದೆ, ಆಮೇಲೆ ಜಾರುವುದೇ ಇಲ್ಲ.

ಹೊಗೆಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಎಣ್ಣೆ ಸುಟ್ಟಾಗ ಕಣ್ಣುರಿ ತರುವ ಅಕ್ರೊಲಿನ್ ಹೊರಡುತ್ತದೆ. ಗಾಳಿ ಸಾಲದೆ ಸುಟ್ಟರೆ ಇಂಗಾಲದ ಮೊನಾಕ್ಸೈಡ್ ಕೂಡ. ಅದಕ್ಕೆ ವಾಸನೆಯಿಲ್ಲ, ವಿಷ ಮಾತ್ರ ಇದೆ. ಕಿಟಕಿ ತೆರೆದು ಚಿಮಣಿ ಹಾಕಿ, ಮಕ್ಕಳನ್ನೂ ಉಬ್ಬಸದವರನ್ನೂ ಬೇರೆ ಕೋಣೆಗೆ ಕಳಿಸಿ. ಮನೆಯಲ್ಲಿ ಲವ್ ಬರ್ಡ್ಸ್, ಗಿಣಿ ಇದ್ದರೆ ಪಂಜರವನ್ನು ಅಡುಗೆಮನೆಯಿಂದ ಆದಷ್ಟು ದೂರಕ್ಕೆ ಒಯ್ಯಿರಿ. ಹಕ್ಕಿಗಳ ಶ್ವಾಸಕೋಶ ನಮ್ಮದಕ್ಕಿಂತ ಎಷ್ಟೋ ಚುರುಕು, ಗಾಳಿಯ ವಿಷವೂ ಅಷ್ಟೇ ಚುರುಕಾಗಿ ಒಳಗೆ ಹೋಗುತ್ತದೆ. ನಾನ್‌ಸ್ಟಿಕ್ ಲೇಪ ಅತಿಯಾಗಿ ಕಾದಾಗ ಹೊರಡುವ ಹೊಗೆಯಂತೂ ಅವನ್ನು ಕೆಲವೇ ನಿಮಿಷಗಳಲ್ಲಿ ಕೊಲ್ಲಬಲ್ಲದು.

ಈ ಎಚ್ಚರಿಕೆಗೆ ನಮ್ಮಲ್ಲಿ ವಿಶೇಷ ಕಾರಣವಿದೆ. ಎಷ್ಟೋ ಫ್ಲ್ಯಾಟುಗಳಲ್ಲಿ ಬಿಲ್ಟ್-ಇನ್ ಓವನ್ ಎಂದರೆ ನಾನ್‌ಸ್ಟಿಕ್ ತವಾ, ಬಾಣಲೆ, ಪ್ಲಾಸ್ಟಿಕ್ ಡಬ್ಬಿ ಇಡುವ ಇನ್ನೊಂದು ಕಪಾಟು! ಹಬ್ಬಕ್ಕೆ ಬಂದ ನೆಂಟರು ಉತ್ಸಾಹದಿಂದ ಕೇಕು ಮಾಡಲು ಹೊರಟು, ಒಳಗೆ ಇಣುಕದೆ ಪ್ರೀಹೀಟ್ ಒತ್ತಿದರೆ ಮುಂದಿನದು ಹೇಳಬೇಕಿಲ್ಲ.

ಇನ್ನೆರಡು ಬಗೆಯ ಸ್ವಚ್ಛತೆಯ ಸೌಲಭ್ಯಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಕೆಲವು ಓವನ್ನಿನ ಪಕ್ಕದ ಗೋಡೆಗೆ ಒರಟಾದ, ತೂತುತೂತಿನ ಲೇಪವಿರುತ್ತದೆ. ಅದರಲ್ಲಿರುವ ಲೋಹದ ಆಕ್ಸೈಡುಗಳು ವೇಗವರ್ಧಕದ ಕೆಲಸ ಮಾಡಿ 200 ಡಿಗ್ರಿಯ ಸುಮಾರಿನಲ್ಲೇ ಎಣ್ಣೆಯನ್ನು ನಿಧಾನವಾಗಿ ಸುಡುತ್ತವೆ. ಅದಕ್ಕೆ ಸೋಪು, ಸೋಡಾ, ಸ್ಪ್ರೇ ಯಾವುದನ್ನೂ ಹಾಕಬಾರದು. ತೂತು ಮುಚ್ಚಿದರೆ ಅದರ ಕಥೆ ಮುಗಿಯಿತು. ಇನ್ನೊಂದು ಹಬೆಯದು. ತಳಕ್ಕೆ ನೀರು ಹಾಕಿ ಕಾಯಿಸಿದರೆ ಕಲೆ ನೆನೆದು ಮೆತ್ತಗಾಗುತ್ತದೆ. ಹಬೆ ಗಂಟು ಕಡಿಯುವುದಿಲ್ಲ. ಹೊಸ ಕಲೆಗೆ ಪರವಾಗಿಲ್ಲ, ಹಳೆಯದಕ್ಕೆ ಜಾಹೀರಾತು ಹೇಳುವಷ್ಟಿಲ್ಲ.

ಬಾಗಿಲಿನ ಗಾಜಿನೊಳಗಿನ ಬಿಗಿ

ಬಾಗಿಲಿನ ಗಾಜು ಸಾಮಾನ್ಯ ಕಿಟಕಿ ಗಾಜಲ್ಲ. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ, ಎರಡೂ ಮೈಗೆ ಜೋರಾಗಿ ತಣ್ಣನೆಯ ಗಾಳಿ ಊದಿ ಹದಗೊಳಿಸುತ್ತಾರೆ. ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ಒಳಭಾಗ ಆಮೇಲೆ ಕುಗ್ಗುತ್ತಾ ಹೊರಮೈಯನ್ನು ಒಳಕ್ಕೆ ಎಳೆದು ಬಿಗಿಯಾಗಿ ಒತ್ತಿಹಿಡಿಯುತ್ತದೆ. ಈ ಒತ್ತಡವೇ ಗಾಜಿಗೆ ಬಲ. ಬಿರುಕು ಹಬ್ಬಲು ಮೈ ಬಿರಿಯಬೇಕು, ಒತ್ತಿಹಿಡಿದ ಮೈ ಬಿರಿಯಲು ಬಿಡುವುದಿಲ್ಲ.

ಒಂದು ಆಳವಾದ ಗೀರು ಆ ಒತ್ತಡದ ಪದರವನ್ನು ದಾಟಿ ಒಳಗಿನ ಎಳೆತದ ಭಾಗ ಮುಟ್ಟಿದರೆ ಇಡೀ ಗಾಜು ಒಮ್ಮೆಲೇ ಸಾವಿರ ಚೂರಾಗುತ್ತದೆ. ಗೀರು ಬಿದ್ದ ದಿನವೇ ಆಗಬೇಕೆಂದಿಲ್ಲ. ತಿಂಗಳುಗಟ್ಟಲೆ ಕಾದು ತಣಿದು, ಬಿರುಕು ಇಷ್ಟಿಷ್ಟೇ ಒಳಗಿಳಿದು, ಯಾರೂ ಮುಟ್ಟದಿದ್ದಾಗಲೂ ಒಡೆಯಬಹುದು. ‘ಸುಮ್ಮನೆ ಇದ್ದ ಗಾಜು ಸಿಡಿಯಿತು’ ಎಂಬ ದೂರುಗಳಲ್ಲಿ ಕೆಲವಕ್ಕೆ ಕಾರಣ ಎಂದೋ ಎಳೆದ ಚಾಕುವಿನ ಗೀರು ಅಥವಾ ಸ್ಟೀಲ್ ಸ್ಕ್ರಬ್ಬರ್. ಗಾಜಿಗೆ ಸೋಡಾ, ಮೆತ್ತನೆ ಬಟ್ಟೆ, ತಾಳ್ಮೆ ಈ ಮೂರೇ. ಕಾದ ಗಾಜಿಗೆ ಒದ್ದೆ ಬಟ್ಟೆ ಬೇಡ. ತೆರೆದ ಬಾಗಿಲಿನ ಮೇಲೆ ಭಾರದ ಪಾತ್ರೆ ಇಡುವುದೂ ಬೇಡ.

ಹಲವು ಮಾದರಿಗಳಲ್ಲಿ ಗಾಜಿನ ಎರಡು ಪದರಗಳ ನಡುವೆ ಒರೆಸಲು ಬಾಗಿಲನ್ನೇ ಬಿಚ್ಚಬಹುದು. ಬಿಚ್ಚುವ ಮೊದಲು ಎರಡೂ ಕಡೆಯ ಹಿಂಜಿನ ಚಿಲಕಗಳನ್ನು ಪೂರ್ತಿ ತಿರುಗಿಸಿ ಲಾಕ್ ಮಾಡಿಕೊಳ್ಳಬೇಕು. ಹಿಂಜಿನೊಳಗೆ ಬಲವಾದ ಸ್ಪ್ರಿಂಗ್ ಇದೆ. ಲಾಕ್ ಇಲ್ಲದೆ ಬಾಗಿಲು ಕೈಗೆ ಬಂದರೆ ಹಿಂಜು ಪಟ್ಟನೆ ಮುಚ್ಚಿ ಬೆರಳನ್ನು ಜಜ್ಜುತ್ತದೆ.

ಕಪಾಟಿನೊಳಗಿನ ಒಲೆಗೂ ಉಸಿರು ಬೇಕು

ಮೇಜಿನ ಮೇಲಿಡುವ ಸಣ್ಣ ಓವನ್ನಿಗೆ (ಓಟಿಜಿ) ಸುತ್ತಲೂ ಗಾಳಿ. ಬಿಲ್ಟ್-ಇನ್ ಓವನ್ ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಒಳಗೆ 200 ಡಿಗ್ರಿ, ಒಂದಂಗುಲದಷ್ಟು ಆಚೆ ಮರ ಮತ್ತು ಅಂಟು, ಮೇಲ್ಭಾಗದಲ್ಲಿ ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಬೋರ್ಡ್. ಇವೆಲ್ಲ ಒಟ್ಟಿಗೆ ಬಾಳುವಂತೆ ಮಾಡುವುದು ಒಂದು ಪುಟ್ಟ ಫ್ಯಾನು. ಅದು ಓವನ್ನಿನ ಹೊರಮೈ ಸುತ್ತ ಗಾಳಿ ಎಳೆದು ಬಾಗಿಲಿನ ಮೇಲಿನ ಸಂದಿಯಿಂದ ಹೊರಗೆ ತಳ್ಳುತ್ತಿರುತ್ತದೆ. ಅಡುಗೆ ಮುಗಿದು ಓವನ್ ಆರಿಸಿದ ಮೇಲೂ, ಮೈ ತಣಿಯುವವರೆಗೆ ತಿರುಗುತ್ತಲೇ ಇರುತ್ತದೆ.

ನಮ್ಮವರ ಒಂದು ಒಳ್ಳೆಯ ಅಭ್ಯಾಸ ಇಲ್ಲಿ ಕೆಟ್ಟದ್ದಾಗುತ್ತದೆ. ಯಾವ ಯಂತ್ರವನ್ನಾದರೂ ಬಳಸಿದ ಕೂಡಲೇ ಗೋಡೆಯ ಸ್ವಿಚ್ ಆರಿಸುವುದು ನಮಗೆ ಮೈಗೂಡಿದ ಶಿಸ್ತು. ಓವನ್ನಿಗೆ ಹಾಗೆ ಮಾಡಿದರೆ ಫ್ಯಾನು ನಿಂತು, ಉಳಿದ ಶಾಖವೆಲ್ಲ ಬೋರ್ಡಿಗೂ ಪ್ಲೈವುಡ್ಡಿಗೂ ಏರುತ್ತದೆ. ಫ್ಯಾನು ತಾನೇ ನಿಲ್ಲಲಿ, ಆಮೇಲೆ ಸ್ವಿಚ್ ಆರಿಸಿ.

ಕಪಾಟಿನ ಹಿಂಬದಿಯಲ್ಲಿ ಗಾಳಿಯಾಡಲು ಕೈಪಿಡಿ ಹೇಳಿದಷ್ಟು ಜಾಗ ಇರಲೇಬೇಕು. ಅಂದ ಕೆಡುತ್ತದೆಂದು ಬಡಗಿ ಅದನ್ನು ಹಲಗೆ ಹೊಡೆದು ಮುಚ್ಚುವುದುಂಟು. ಓವನ್ ಕೂರಿಸುವ ದಿನ ಎದುರಿಗೆ ನಿಂತು ನೋಡಿ.

ಕರೆಂಟಿನ ಲೆಕ್ಕ ಬೇಗ ಮುಗಿಯುತ್ತದೆ. 3,000 ವಾಟಿನ ಓವನ್ 230 ವೋಲ್ಟಿನಲ್ಲಿ ಸುಮಾರು 13 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್‌ನ ಸಣ್ಣ ಸಾಕೆಟ್ಟು, ಎಕ್ಸ್‌ಟೆನ್ಷನ್ ಬಾಕ್ಸು ಇದಕ್ಕೆ ಅಲ್ಲವೇ ಅಲ್ಲ. ಪ್ರತ್ಯೇಕ ವೈರು, 16 ಆಂಪಿಯರ್ ಸಾಕೆಟ್ಟು, ಸರಿಯಾದ ಅರ್ತಿಂಗ್ ಬೇಕು. ಇನ್ನೂ ಹೆಚ್ಚು ವಾಟಿನದಾದರೆ ತಯಾರಕರು ಹೇಳಿದ ಹಾಗೆ ನೇರ ಸಂಪರ್ಕ ಕೊಡಬೇಕು. ಒಳಗಿನ ಬಲ್ಬ್ ಬದಲಿಸುವಾಗ ಮೇನ್ ಆರಿಸಿ, ಓವನ್ನಿಗೆಂದೇ ಮಾಡಿದ, ಕಾವು ತಾಳುವ ಬಲ್ಬನ್ನೇ ಹಾಕಿ.

ಮಳೆಗಾಲದಲ್ಲಿ ಕೈಕೊಡುವ ಕಾಯಿಲ್

ಮಂಗಳೂರಿನ ಕಡೆ, ಮಲೆನಾಡಿನಲ್ಲಿ, ಮಳೆಗಾಲವಿಡೀ ಮುಟ್ಟದ ಓವನ್ನನ್ನು ಹಬ್ಬಕ್ಕೆಂದು ಹಾಕಿದ ಕೂಡಲೇ ಮನೆಯ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ಕರೆಂಟ್ ಕಡಿಯುವ ಸ್ವಿಚ್, ಟಪ್ಪೆಂದು ಬೀಳಬಹುದು. ಕಾಯಿಲ್‌ನ ಲೋಹದ ಕೊಳವೆಯೊಳಗೆ ಬಿಸಿಯಾಗುವ ತಂತಿಯ ಸುತ್ತ ಮೆಗ್ನೀಸಿಯಂ ಆಕ್ಸೈಡ್ ಪುಡಿ ತುಂಬಿರುತ್ತಾರೆ. ಅದು ಶಾಖವನ್ನು ಹಾಯಲು ಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಆದರೆ ಗಾಳಿಯ ತೇವವನ್ನು ಹೀರುವುದೂ ಅದರ ಸ್ವಭಾವ. ತೇವ ಹೀರಿದ ಪುಡಿಯ ಮೂಲಕ ತುಸು ವಿದ್ಯುತ್ ಕೊಳವೆಗೂ ಅಲ್ಲಿಂದ ಅರ್ತಿಗೂ ಸೋರುತ್ತದೆ. ಮನೆಯ ಆರ್‌ಸಿಸಿಬಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವಂಥದ್ದು. ಅದು ಬಿದ್ದದ್ದು ನಿಮ್ಮ ಜೀವ ಕಾಯಲಿಕ್ಕೆ. ಬಲ್ಲ ಎಲೆಕ್ಟ್ರಿಷಿಯನ್ ಸೋರಿಕೆ ಅಳೆದು, ಕಾಯಿಲ್ ಒಣಗಿಸಬೇಕೋ ಬದಲಿಸಬೇಕೋ ಎಂದು ಹೇಳುತ್ತಾನೆ. ಆರ್‌ಸಿಸಿಬಿಯನ್ನೇ ತಪ್ಪಿಸಿ ವೈರು ಎಳೆದುಕೊಡುತ್ತೇನೆ ಎನ್ನುವವನನ್ನು ಬಾಗಿಲಿನಿಂದಲೇ ವಾಪಸ್ ಕಳಿಸಿ. ಮಳೆಗಾಲದಲ್ಲಿ ಆಗಾಗ ಸ್ವಲ್ಪ ಹೊತ್ತು ಓವನ್ ಕಾಯಿಸುತ್ತಿದ್ದರೆ ಪುಡಿ ಒಣಗಿಕೊಂಡೇ ಇರುತ್ತದೆ.

ಎರಡನೆಯ ಕಾವಿಗೆ ಮೊದಲು

ಮತ್ತೆ ಎಣ್ಣೆಗೆ ಬರೋಣ. ಇವತ್ತು ಚಿಮ್ಮಿದ ಹನಿ ಇವತ್ತೇ ಪೂರ್ತಿ ಬಲೆಗಟ್ಟುವುದಿಲ್ಲ. ಕೆಲವು ಕೊಕ್ಕೆಗಳು ಸಿಕ್ಕಿಕೊಂಡಿರುತ್ತವೆ, ಬಹಳಷ್ಟು ಎಳೆಗಳು ಇನ್ನೂ ಬಿಡಿಯಾಗಿವೆ. ಓವನ್ ಕೈ ತಾಳುವಷ್ಟು ಬೆಚ್ಚಗಿರುವಾಗ, ಒಳಮೈ ಮುಟ್ಟಿದರೆ ಸುಡದಷ್ಟು ತಣಿದ ಮೇಲೆ, ಪಾತ್ರೆ ಸೋಪಿನ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒಂದು ಸಲ ಒರೆಸಿದರೆ ಆ ಬಿಡಿ ಎಳೆಗಳೆಲ್ಲ ಬಂದುಬಿಡುತ್ತವೆ. ಒರೆಸದೆ ಬಿಟ್ಟರೆ ಮುಂದಿನ ಬೇಕಿಂಗ್‌ನ ಕಾವು ಉಳಿದ ಗಂಟುಗಳನ್ನು ಹಾಕುತ್ತದೆ, ಅದರ ಮುಂದಿನದು ಅದನ್ನು ಇದ್ದಿಲು ಮಾಡುತ್ತದೆ. ಮೊದಲ ದಿನ ಸೋಪಿಗೆ ಹೋಗುತ್ತಿದ್ದದ್ದಕ್ಕೆ ಆಮೇಲೆ ಸೋಡಾ, ಆಮೇಲೆ ಕಾಸ್ಟಿಕ್, ಕೊನೆಗೆ 500 ಡಿಗ್ರಿ ಬೇಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಒಳಗೆಂದಾದರೂ ಜಿಡ್ಡು ಹೊತ್ತಿಕೊಂಡರೆ ಬಾಗಿಲು ತೆರೆಯಬೇಡಿ, ನೀರು ಹಾಕಬೇಡಿ. ಓವನ್ ಆರಿಸಿ, ಮೇನ್ ಸ್ವಿಚ್ ತೆಗೆಯಿರಿ, ಬಾಗಿಲು ಮುಚ್ಚಿಯೇ ಇರಲಿ. ಒಳಗಿನ ಆಮ್ಲಜನಕ ಮುಗಿದರೆ ಬೆಂಕಿ ತಾನೇ ಸಾಯುತ್ತದೆ. ಆರದೆ ಬೆಳೆಯುತ್ತಿದ್ದರೆ ಎಲ್ಲರೂ ಹೊರಗೆ ಬಂದು 101ಕ್ಕೋ 112ಕ್ಕೋ ಕರೆ ಮಾಡಿ.

ಈ ವಾರ ಏನಾದರೂ ಬೇಕ್ ಮಾಡುವ ಯೋಚನೆಯಿದ್ದರೆ, ಗುಂಡಿ ಒತ್ತುವ ಮೊದಲು ಬಾಗಿಲು ತೆರೆದು ಒಮ್ಮೆ ಇಣುಕಿ ನೋಡಿ. ಒಳಗೆ ತವಾ ಇದ್ದರೆ ಹೊರಗಿಡಿ, ಹೋದ ಸಲದ ಹನಿಗಳಿದ್ದರೆ ಒರೆಸಿ, ಆಮೇಲೆ ಹಚ್ಚಿ.